ಟೆಸ್ಟೇ ಮಾಡದ ಹಾಲಲ್ಲಿ ಬಗ್ ಎಲ್ಲಿಂದ ಸಿಗಬೇಕು?

ಮೊನ್ನೆ ಆ ಫಾರ್ವರ್ಡ್ ಮತ್ತೆ ಬಂತು. ದೇಶದ ಹಾಲಲ್ಲಿ ಶೇ. 68 ಕಲಬೆರಕೆಯಂತೆ, ಹೀಗೇ ಕುಡಿದರೆ 2025ರ ಹೊತ್ತಿಗೆ ಶೇ. 87 ಭಾರತೀಯರಿಗೆ ಕ್ಯಾನ್ಸರ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆಯಂತೆ. ಸ್ವಾಮಿ, ಆ ಸಂಸ್ಥೆ ಹಾಗೆ ಹೇಳೇ ಇಲ್ಲ. 2023ರಲ್ಲಿ ಕೇಂದ್ರ ಸರ್ಕಾರವೇ ಇದು ಸುಳ್ಳು ಅಂತ ತಿಳಿಸಿದೆ. ಕಳಿಸಿದವನು ನನ್ನಂಥ ಇಂಜಿನಿಯರೇ ಅನ್ನೋದು ಬೇರೆ ಮಾತು :-)

ಇನ್ನೊಂದು ಗುಂಪು ಇದಕ್ಕೆ ಉಲ್ಟಾ. 2018ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 6,432 ಸ್ಯಾಂಪಲ್‌ಗಳ ಪೈಕಿ ಅಪಾಯಕಾರಿ ಕಲಬೆರಕೆ ಇದ್ದದ್ದು ಬರೀ 12ರಲ್ಲಿ, ಸುಮ್ನೆ ಕುಡೀರಿ ಅಂತಾರೆ. ಅದೇ ವರದಿಯಲ್ಲಿ 368 ಸ್ಯಾಂಪಲ್‌ಗಳಲ್ಲಿ ಅಫ್ಲಾಟಾಕ್ಸಿನ್ ಎಂ1, 77ರಲ್ಲಿ ಆಂಟಿಬಯಾಟಿಕ್ ಮಿತಿ ಮೀರಿತ್ತು ಅನ್ನೋದನ್ನ ಮಾತ್ರ ಹೇಳಲ್ಲ. ಇದು ಹಾಲಿನವನ ಮೋಸ ಅಲ್ಲ ಕಣ್ರೀ. ಬೂಸ್ಟು ಹಿಡಿದ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ ತಿಂದ ಎಮ್ಮೆಯ ಹಾಲಿಗೇ ಆ ವಿಷ ಇಳಿಯುತ್ತೆ. ಪ್ಯಾಕೆಟ್ ಹಾಲು ತಗೊಂಡ್ರೂ ಬಚಾವಿಲ್ಲ. ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಲ್ಲೇ ಇದು ಜಾಸ್ತಿ ಸಿಕ್ಕಿತ್ತು.

ನಮ್ಮೂರು ಯಾದಗಿರಿ ತಾಲೂಕಿನ ರಾಮಸಮುದ್ರ. ಅಮ್ಮನಿಗೆ ಇದನ್ನೆಲ್ಲ ಹೇಳಿದರೆ "ಕುದಿಸಿದ್ರ ಎಲ್ಲಾ ಹೋಗ್ತದ ಬಿಡಪ್ಪ" ಅಂತಾಳೆ. ಕುದಿಸಿದರೆ ರೋಗಾಣು ಸಾಯುತ್ತವೆ ನಿಜ. ಅಫ್ಲಾಟಾಕ್ಸಿನ್ ಕುದಿಸಿದರೆ ಹೋಗಲ್ಲ. ಲ್ಯಾಕ್ಟೋಮೀಟರ್ ಅದ್ದಿದರೆ ನೀರು ಬೆರೆಸಿದ್ದು ಗೊತ್ತಾಗಬಹುದು, ಇದು ಗೊತ್ತಾಗಲ್ಲ. ಲ್ಯಾಬೇ ಬೇಕು.

ಆ ಸಮೀಕ್ಷೆ ನಡೆದದ್ದೆಲ್ಲಿ ಗೊತ್ತಾ? 50 ಸಾವಿರಕ್ಕಿಂತ ಹೆಚ್ಚು ಜನ ಇರೋ 1,103 ಊರುಗಳಲ್ಲಿ. ಅಂದ್ರೆ ರಾಮಸಮುದ್ರದಂಥ ಹಳ್ಳಿ ಲೆಕ್ಕಕ್ಕೇ ಇಲ್ಲ. ಟೆಸ್ಟ್ ಮಾಡದ ಮಾಡ್ಯೂಲ್‌ನಲ್ಲಿ ಬಗ್ ಸಂಖ್ಯೆ ಸೊನ್ನೆ ಅಂತ ನಾನು ಆಫೀಸಿನಲ್ಲಿ ರಿಪೋರ್ಟ್ ಕೊಟ್ಟರೆ ಮ್ಯಾನೇಜರ್ ಸುಮ್ಮನೆ ಬಿಡ್ತಾನಾ? ಊರಲ್ಲಿ ಯಾರಾದರೂ ಬಂದು ಹಾಲಿನ ಸ್ಯಾಂಪಲ್ ತಗೊಂಡದ್ದನ್ನ ನಾನಂತೂ ಕಂಡಿಲ್ಲ.

ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ, 2006ರ ಆಹಾರ ಸುರಕ್ಷತಾ ಕಾಯ್ದೆ ಜಾರಿಗೆ ಬಂದದ್ದು 2011ರ ಆಗಸ್ಟ್‌ನಲ್ಲಿ. ಅಧಿಕಾರಿ ಕಳಿಸಿದ ಸ್ಯಾಂಪಲ್‌ಗೆ 14 ದಿನದಲ್ಲಿ ವರದಿ ಬರಬೇಕು ಅಂತ ಆ ಕಾಯ್ದೆ ಹೇಳುತ್ತೆ. ಸೆಕ್ಷನ್ 40ರ ಪ್ರಕಾರ ಕೊಂಡುಕೊಂಡ ನಾವೇ ಮಾರುವವನಿಗೆ ಮೊದಲೇ ಹೇಳಿ, ಫೀಸು ಕಟ್ಟಿ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಆ ಫೀಸು ವಾಪಸ್.

ಹಾಗಂತ ದಿನಗೂಲಿಯವರು ಫೀಸು ಕಟ್ಟಿ ಹಾಲು ಟೆಸ್ಟ್ ಮಾಡಿಸಲಿ ಅಂತ ಹೇಳೋದು ನಾಚಿಕೆಗೇಡು. ಅದು ಸರ್ಕಾರದ ಕೆಲಸ. ಹಳ್ಳಿ ಹಾಲಿನ ಸ್ಯಾಂಪಲ್ ತಗೊಳ್ಳಲಿ, ಹಿಂಡಿಯನ್ನೂ ಪರೀಕ್ಷಿಸಲಿ, ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ. ದಂಡ ಹಾಕೋಕೆ ಎರಡು ಎಮ್ಮೆ ಇಟ್ಟುಕೊಂಡವಳನ್ನ ಹುಡುಕಬೇಡಿ, ಒಣ ಹಿಂಡಿ ಇಡೋದು ಹೇಗೆ ಅಂತ ಮೊದಲು ಹೇಳಿಕೊಡಿ.

ಮುಂದಿನ ಸಲ ಊರಿಗೆ ಹೋದಾಗ ಈ ಮಾತನ್ನೇ ಅರ್ಜಿ ಬರೆದು ಕೊಟ್ಟು ಬರ್ತೀನಿ. ಏನಾಯ್ತು ಅಂತ ಇಲ್ಲೇ ಬರೀತೀನಿ. ಫಾರ್ವರ್ಡ್ ಒತ್ತೋ ಬದಲು ನೀವೂ ನಿಮ್ಮೂರಲ್ಲಿ ಒಂದು ಅರ್ಜಿ ಕೊಡಿ. ಏನಂತೀರಿ?