ಉಕ್ಕಿನ ಕಿಟ್ಟವೂ ನಮ್ಮ ಬಾವಿಗಳೂ

ಒಂದು ಟನ್ನು ಉಕ್ಕಿಗೆ ಸುಮಾರು 100ರಿಂದ 150 ಕಿಲೋ ಕಿಟ್ಟ ಹೊರಬೀಳುವುದು. ತೋರಣಗಲ್ಲಿನಂತಹ ಕಾರ್ಖಾನೆಯಲ್ಲಿ ಅದು ಗುಡ್ಡವಾಗದೆ ಇನ್ನೇನಾದೀತು? ಕಸವೆಂದು ಕರೆಯುವ ಈ ವಸ್ತುವಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸುಣ್ಣವೇ ಇರುವುದು. ಕಿಟ್ಟವನ್ನು ಅರೆದು ನವಸಾಗರದ ನೀರಿನಲ್ಲಿ ಕದಡಿದರೆ ಸುಣ್ಣದ ಒಂದಂಶವು ಕರಗಿ, ಕಬ್ಬಿಣವು ಗಸಿಯಲ್ಲಿ ಉಳಿಯುತ್ತದೆ. ಆ ತಿಳಿಯಲ್ಲಿ ಕುಲುಮೆಯದೇ ಇಂಗಾಲಾಮ್ಲ ವಾಯುವನ್ನು ಹಾಯಿಸಲು, ಕಾಗದಕ್ಕೂ ಬಣ್ಣಕ್ಕೂ ಬೇಕಾದ ಬಿಳಿಯ ಪುಡಿಯು ತಳಕ್ಕಿಳಿದು, ನವಸಾಗರವು ಮರಳಿ ಕೈಸೇರುತ್ತದೆ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು 2010ರ ದಶಕದಲ್ಲಿಯೇ ಇದನ್ನು ಪ್ರಯೋಗಸ್ಥಾವರದಲ್ಲಿ ನಡೆಸಿ ತೋರಿಸಿರುವರು.

ಇಂತಹ ಉದ್ಯೋಗವು ಹುಮನಾಬಾದಕ್ಕೆ ಬರಲೆಂದು ನಮ್ಮವರು ಆಶಿಸಿದರೆ ತಪ್ಪಲ್ಲ. ರಾಸಾಯನಿಕ ಕಾರ್ಖಾನೆಗಳಲ್ಲಿ ಕೈಪಳಗಿದವರು ಇಲ್ಲಿರುವರು. ಬಸವಕಲ್ಯಾಣದ ತರುಣರು ಹೊಟ್ಟೆಪಾಡಿಗೆ ಹೈದರಾಬಾದು, ಪುಣೆಗಳ ದಾರಿ ಹಿಡಿಯುವುದನ್ನು ನಾವು ನಿತ್ಯ ಕಾಣುತ್ತಿರುವೆವು. ಆದರೆ ಬಳ್ಳಾರಿ ಸೀಮೆಯ ಕಿಟ್ಟವನ್ನು ಇಲ್ಲಿಯವರೆಗೆ ಹೊತ್ತು ತಂದರೆ ಸುಣ್ಣದ ಬೆಲೆಗಿಂತ ಬಾಡಿಗೆಯೇ ಭಾರವಾದೀತು. ಸ್ಥಾವರವು ತೋರಣಗಲ್ಲಿನಲ್ಲಿಯೇ ಆಗಲಿ. ಅದರ ಕೆಲಸದಲ್ಲಿ ನಮ್ಮ ತರುಣರಿಗೆ ಪಾಲು ದೊರೆಯಲಿ.

ಯಾರಾದರೂ ಸಾಹಸಿಗರು ಇಲ್ಲಿಗೇ ತರುವೆವೆಂದರೆ ನಮ್ಮದೊಂದು ಕರಾರು. ಗಸಿಯನ್ನು ತೊಳೆದ ನೀರಿನಲ್ಲಿ ನವಸಾಗರದ ಉಪ್ಪು ಉಳಿದೇ ಉಳಿಯುವುದು. ಜಂಬಿಟ್ಟಿಗೆಯ ನಮ್ಮ ನೆಲವು ಮಳೆಯ ನೀರನ್ನು ಕುಡಿಯುವಂತೆ ಅದನ್ನೂ ಕುಡಿದು ಬಾವಿಗಿಳಿಸುವುದು. ಆ ನೀರು ಎಲ್ಲಿಗೆ ಹೋಗುವುದೆಂಬುದನ್ನು ಸರಕಾರವು ಮೊದಲು ಊರವರ ಮುಂದೆ ತೋರಿಸತಕ್ಕದ್ದು. ಪರವಾನಗಿಯ ಮಾತು ಆಮೇಲೆ.