ಕಲ್ಮಷ ತಂದ ಕಾಂತಬಲ

ಅಪರಂಜಿಯ ಬಳೆ ಸುಲಭವಾಗಿ ಬಾಗುವುದು. ಅಕ್ಕಸಾಲಿಗನು ತುಸು ತಾಮ್ರ ಬೆರೆಸಿದಾಗಲೇ ಅದು ಗಟ್ಟಿಯಾಗುವುದು. ಅತಿವಾಹಕಗಳ ಕಥೆಯೂ ಇಂಥದೇ.

1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕ್ಯಾಮರ್ಲಿಂಗ್ ಆನ್ನೆಸ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ, ಬಟ್ಟಿಯಿಳಿಸಿ ಶುದ್ಧಗೊಳಿಸಿದ ಪಾದರಸವನ್ನು ಸೊನ್ನೆಗಿಂತ ಸುಮಾರು 269 ಸೆಂಟಿಗ್ರೇಡ್ ಡಿಗ್ರಿ ಕೆಳಗೆ ತಂಪುಗೊಳಿಸಿದಾಗ ವಿದ್ಯುತ್ತಿಗಿದ್ದ ತಡೆಯೇ ಮಾಯವಾಯಿತು. ಇಂಥ ತಂತಿಯ ಸುರುಳಿಯಿಂದ ಒಂದು ಲಕ್ಷ ಗೌಸ್‌ನ ಮಹಾಕಾಂತವನ್ನು ರಚಿಸಬೇಕೆಂದು ಆನ್ನೆಸ್ ಕನಸು ಕಂಡನು. ಆದರೆ ಸೀಸ, ತವರಗಳ ಸುರುಳಿಗಳು ಕೆಲವೇ ನೂರು ಗೌಸ್‌ಗೆ ಸೋತುಹೋದವು. 1926ರಲ್ಲಿ ಆತನು ತೀರಿಕೊಂಡಾಗಲೂ ಕನಸು ಕನಸಾಗಿಯೇ ಉಳಿದಿದ್ದಿತು.

ಕಾರಣವೇನು? ಸೀಸ, ತವರಗಳಂಥ ಶುದ್ಧ ಲೋಹಗಳು ಅತಿವಾಹಕವಾದಾಗ ಕಾಂತಕ್ಷೇತ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ; ಕ್ಷೇತ್ರವು ಮಿತಿಮೀರಿದೊಡನೆ ಒಮ್ಮೆಗೇ ಶರಣಾಗುತ್ತವೆ. ಮಿಶ್ರಲೋಹಗಳ ರೀತಿ ಬೇರೆ. ಕಾಂತಕ್ಷೇತ್ರವು ಅವುಗಳೊಳಗೆ ಸ್ವಲ್ಪಸ್ವಲ್ಪವಾಗಿ ನುಸುಳಿದರೂ ಅತಿವಾಹಕತೆ ಅಳಿಯದು. ಖಾರ್ಕೋವ್‌ನ ಲೆವ್ ಶುಬ್ನಿಕೋವ್ ಇದನ್ನು ಸೀಸದ ಮಿಶ್ರಲೋಹಗಳಲ್ಲಿ ಕಂಡುಕೊಂಡಿದ್ದನು. 1937ರಲ್ಲಿ ಸ್ಟಾಲಿನ್ ಆಡಳಿತವು ಆತನನ್ನು ಗುಂಡಿಕ್ಕಿ ಕೊಂದಿತು. ಹಾಗೆ ನುಸುಳುವ ಕ್ಷೇತ್ರವು ಸೂಕ್ಷ್ಮವಾದ ಎಳೆಗಳಾಗಿ ಹಂಚಿಹೋಗುವುದೆಂದೂ, ಪ್ರತಿ ಎಳೆಯ ಸುತ್ತ ವಿದ್ಯುತ್ತು ಸುಳಿಯಂತೆ ತಿರುಗುವುದೆಂದೂ 1957ರಲ್ಲಿ ಅಬ್ರಿಕೊಸೊವ್ ವಿವರಿಸಿದನು.

ಇಲ್ಲಿಯೂ ಒಂದು ತೊಡಕುಂಟು. ವಿದ್ಯುತ್ತು ಹರಿದೊಡನೆ ಈ ಎಳೆಗಳು ಪಕ್ಕಕ್ಕೆ ಸರಿಯತೊಡಗುತ್ತವೆ. ಸರಿದರೆ ಕಾವು ಹುಟ್ಟುತ್ತದೆ, ತಡೆ ಮರಳುತ್ತದೆ. ಅವನ್ನು ಹಿಡಿದು ನಿಲ್ಲಿಸುವವರಾರು? ಲೋಹದೊಳಗಿನ ಕುಂದುಗಳೇ! ಹರಳಿನ ಬಿರುಕು, ಅನ್ಯವಸ್ತುವಿನ ಕಣ, ಕಣಗಳ ನಡುವಣ ಅಂಚು—ಇವು ಎಳೆಗಳನ್ನು ಗೂಟಕ್ಕೆ ಕಟ್ಟಿದ ಕರುವಿನಂತೆ ಹಿಡಿದಿಡುತ್ತವೆ. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ನಯೋಬಿಯಂ ಮತ್ತು ತವರ ಕೂಡಿದ ವಸ್ತುವು 88,000 ಗೌಸ್ ಕ್ಷೇತ್ರದಲ್ಲಿಯೂ ಅಪಾರ ವಿದ್ಯುತ್ತನ್ನು ತಡೆಯಿಲ್ಲದೆ ಹೊತ್ತಿತು.

ಎಲ್ಲ ಕಲ್ಮಷವೂ ಹಿತವೆಂದಲ್ಲ. ಲ್ಯಾಂಥನಂ ಲೋಹಕ್ಕೆ ಕಾಂತಗುಣವುಳ್ಳ ಗ್ಯಾಡೊಲಿನಿಯಂ ನೂರಕ್ಕೆ ಒಂದು ಪಾಲಿನಷ್ಟು ಸೇರಿದರೂ ಅತಿವಾಹಕತೆ ಅಳಿಯುವುದೆಂದು 1958ರಲ್ಲಿ ತಿಳಿದುಬಂದಿತು. ಯಾವ ಕುಂದು, ಎಷ್ಟು, ಎಲ್ಲಿ ಎಂಬ ವಿವೇಕವೇ ಇಲ್ಲಿ ಮುಖ್ಯ.

ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳಲ್ಲಿ ಬಳಸುವ ನಯೋಬಿಯಂ-ಟೈಟಾನಿಯಂ ತಂತಿಯನ್ನು ಎಳೆದು, ಕಾಯಿಸಿ, ಮತ್ತೆ ಎಳೆದು, ಟೈಟಾನಿಯಂ ಕಣಗಳು ಅದರೊಳಗೆ ಉದ್ದೇಶಪೂರ್ವಕವಾಗಿ ನೆಲೆಗೊಳ್ಳುವಂತೆ ಮಾಡುತ್ತಾರೆ. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗೌಸ್. ಈ ಯಂತ್ರಗಳಲ್ಲಿ ಅನೇಕದರದು 15,000 ಗೌಸ್. ಅದರೊಳಗೆ ಉಸಿರು ಬಿಗಿಹಿಡಿದು ಮಲಗಿದ ರೋಗಿಯ ಮಿದುಳಿನ ಗಡ್ಡೆಯನ್ನು ವೈದ್ಯರ ಕಣ್ಣಿಗೆ ತೋರಿಸಿಕೊಡುವ ಕೆಲಸದಲ್ಲಿ, ಲೋಹದೊಳಗಿನ ಆ ಕುಂದುಗಳಿಗೂ ಪಾಲುಂಟು.