ಒರಾಯನ್ ಅಂದ್ರೆ ಮಾಲ್ ಒಂದೇ ಅಲ್ಲ ಸ್ವಾಮಿ!

ರಾಜಾಜಿನಗರದಲ್ಲಿ ಯಾರನ್ನಾದರೂ "ಒರಾಯನ್ ಎಲ್ಲಿದೆ?" ಅಂತ ಕೇಳಿ ನೋಡಿ. ಸೀದಾ ಡಾ. ರಾಜ್‌ಕುಮಾರ್ ರಸ್ತೆಯ ಕಡೆ ಕೈ ತೋರಿಸುತ್ತಾರೆ. ತಪ್ಪೇನಿಲ್ಲ, ಮಾಲ್ ಇರೋದು ಅಲ್ಲೇ. ಆದರೆ ಜನವರಿ ಕೊನೆ, ಫೆಬ್ರವರಿ ಮೊದಲ ವಾರದಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಅದೇ ಹೆಸರಿನ ಇನ್ನೊಬ್ಬ ನೆತ್ತಿಗಿಂತ ಸ್ವಲ್ಪ ದಕ್ಷಿಣಕ್ಕೆ ನಿಂತಿರುತ್ತಾನೆ. ನಮ್ಮ ಕನ್ನಡ ಪುಸ್ತಕಗಳ ಮಹಾವ್ಯಾಧ. ಸೊಂಟದ ಪಟ್ಟಿಗೆ ಮೂರು ನಕ್ಷತ್ರ, ಅದರ ಕೆಳಗೆ ಕತ್ತಿ, ಕತ್ತಿಯ ನಡುವೆ ಒಂದು ಮಸುಕು ಕಲೆ. ಆ ಮಸುಕೇ ಎಂ42 ನೀಹಾರಿಕೆ. ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ, ಈಗಲೂ ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮೋಡ.

ಈ ವಿಷಯ ಎತ್ತಿದರೆ ಎರಡು ಥರದ ಮಾತು ಕೇಳಿಬರುತ್ತೆ. ಒಂದು, "ಬೆಂಗಳೂರಲ್ಲಿ ಏನ್ರೀ ಕಾಣುತ್ತೆ, ಅದಕ್ಕೆಲ್ಲಾ ಊರು ಬಿಟ್ಟೇ ಹೋಗ್ಬೇಕು." ಇನ್ನೊಂದು, ತಾರಸಿಯಿಂದ ತೆಗೆದ ಬಣ್ಣಬಣ್ಣದ ಫೋಟೊ ತೋರಿಸಿ, "ನೋಡಿ, ಇಲ್ಲಿಂದಲೇ ಎಲ್ಲಾ ಸಿಗುತ್ತೆ!" ಎರಡೂ ಅರ್ಧ ಸತ್ಯ. ನನ್ನ ತಕರಾರು ಇರೋದು ಎರಡನೆಯದರ ಮೇಲೆ. ನಾನೂ ಅಂಥ ಫೋಟೊ ತೆಗೆಯೋನೇ ಆದ್ದರಿಂದ ಹೇಳೋ ಹಕ್ಕಿದೆ ಅಂದ್ಕೋತೀನಿ :-)

ಮೊದಲು ನಮ್ಮ ಅದೃಷ್ಟದ ಮಾತು. ವಿಜಯನಗರದ ಮೂವತ್ತು-ನಲವತ್ತರ ಸೈಟಿನಲ್ಲಿ ಹಿತ್ತಲು ಎಲ್ಲಿಂದ ಬರಬೇಕು? ಇರೋದು ತಾರಸಿ, ಅದರಲ್ಲೂ ನೀರಿನ ಟ್ಯಾಂಕು, ಸೋಲಾರು, ಬಟ್ಟೆ ಹಗ್ಗ ಬಿಟ್ಟು ಉಳಿದಷ್ಟು ಜಾಗ. ಆದರೆ ಆ ಜಾಗ ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಎಂ42 ಇಲ್ಲಿ 70 ಡಿಗ್ರಿಗೂ ಮೇಲೆ ಏರುತ್ತೆ, ಲಂಡನ್ನಿನವರಿಗೆ 33 ಡಿಗ್ರಿ ದಾಟೋದಿಲ್ಲ. ಊರಿನ ಬೆಳಕಿನ ಮಬ್ಬು ಅಂಚಿನಲ್ಲಿ ದಟ್ಟ, ನೆತ್ತಿಯಲ್ಲಿ ತೆಳು. ಕೃತ್ತಿಕೆಯೂ ಹಾಗೇ, ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾಯುತ್ತೆ. ಇನ್ನು ಒಮೆಗಾ ಸೆಂಟಾರಿ ಎಂಬ ಭಾರೀ ಗೋಳಗುಚ್ಛ. ಅದು ಪ್ಯಾರಿಸ್ಸಿನ ಆಕಾಶದಲ್ಲಿ ಮೇಲೆ ಬರೋದೇ ಇಲ್ಲವಾದ್ದರಿಂದ ಮೆಸ್ಸಿಯೆಯ ಪಟ್ಟಿಯಲ್ಲಿ ಅದಕ್ಕೆ ನಂಬರೂ ಸಿಗಲಿಲ್ಲ. ನಮಗೆ ಏಪ್ರಿಲ್ ನಡುವಿನ ಮಧ್ಯರಾತ್ರಿ ದಕ್ಷಿಣದಲ್ಲಿ 29 ಡಿಗ್ರಿ ಎತ್ತರದಲ್ಲಿ ನಿಂತಿರುತ್ತೆ. ಬ್ಲಾಗ್ ಬರೆಯೋರು ಆ ಹೊತ್ತಿಗೆ ಎಚ್ಚರ ಇರ್ತೀವಲ್ಲ, ಸುಮ್ಮನೆ ಮೇಲೆ ಹತ್ತಬಹುದು.

ಮಳೆಗಾಲ ಮಾತ್ರ ನಮ್ಮ ಶತ್ರು. ಧನು ರಾಶಿಯ ಚೆಂದದ ನೀಹಾರಿಕೆಗಳೆಲ್ಲ ಜೂನ್-ಜುಲೈ ಮಧ್ಯರಾತ್ರಿಯವು, ಆಗ ಮೋಡ. ಅವು ಬೇಕೆಂದರೆ ಮಾರ್ಚಿನಲ್ಲಿ ಬೆಳಗಿನ ಜಾವ ಐದಕ್ಕೆ ಏಳಬೇಕು.

ಈಗ ಫೋಟೊ. 1880ರಲ್ಲಿ ಹೆನ್ರಿ ಡ್ರೇಪರ್ ಎಂ42ರ ಮೊದಲ ಫೋಟೊ ತೆಗೆದಾಗ ಒಂದೇ ಪ್ಲೇಟಿಗೆ ಸುಮಾರು 50 ನಿಮಿಷ ಬೆಳಕು ಬಿಟ್ಟಿದ್ದ. ನಮ್ಮ ತಾರಸಿಯಲ್ಲಿ ಅಷ್ಟು ಹೊತ್ತು ಬಿಟ್ಟರೆ ಬರೋದು ಬರೀ ಬಿಳಿ ಹಾಳೆ. ಅದಕ್ಕೇ ಹತ್ತಿಪ್ಪತ್ತು ಸೆಕೆಂಡಿನ ನೂರಾರು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸೋದು. ನೂರನ್ನು ಸೇರಿಸಿ ಸರಾಸರಿ ತೆಗೆದರೆ ಚಿತ್ರದ ಗದ್ದಲ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತೆ. ಆಮೇಲೆ ಊರಿನ ಬೆಳಕನ್ನು ಲೆಕ್ಕ ಹಾಕಿ ಕಳೆಯೋದು. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎರಡೂ ಪುಕ್ಕಟೆ ಸಿಗುತ್ತವೆ. ದುಡ್ಡಿದ್ದವರು ಫಿಲ್ಟರ್ ಹಾಕ್ತಾರೆ. ಎಂ42ರಂಥ ಮೋಡ ತಾನೇ ಹೊಳೆಯುತ್ತೆ, ಅದೂ ಕೆಲವೇ ನಿರ್ದಿಷ್ಟ ಬಣ್ಣಗಳಲ್ಲಿ. ಹೈಡ್ರೋಜನ್ನಿನ ಕೆಂಪು 656 ನ್ಯಾನೊಮೀಟರ್, ಆಮ್ಲಜನಕದ ಹಸಿರು 501ರ ಹತ್ತಿರ. ಅಷ್ಟನ್ನೇ ಒಳಗೆ ಬಿಟ್ಟು ಮಿಕ್ಕಿದ್ದನ್ನು ತಡೆದರೆ ಬೆಂಗಳೂರು ಅರ್ಧಕ್ಕರ್ಧ ಮಾಯ.

ಆದರೆ ಕೃತ್ತಿಕೆಯ ಸುತ್ತಲಿನ ನೀಲಿ ಮಂಜಿದೆಯಲ್ಲ, ಅಲ್ಲಿ ಈ ಉಪಾಯ ನಡೆಯೋದಿಲ್ಲ. ಅದು ಬರೀ ಧೂಳು, ನಕ್ಷತ್ರಗಳ ಬೆಳಕನ್ನು ಚದುರಿಸುತ್ತೆ ಅಷ್ಟೆ. ನಕ್ಷತ್ರದ ಬೆಳಕಿನಲ್ಲಿ ಎಲ್ಲಾ ಬಣ್ಣವೂ ಇದೆ, ನಮ್ಮ ಬೀದಿಯ ಬಿಳಿ ಎಲ್‌ಇಡಿಯದೂ ಅದೇ ಕಥೆ. ಹಳೇ ಹಳದಿ ಸೋಡಿಯಂ ದೀಪದ ಬೆಳಕನ್ನು ಫಿಲ್ಟರ್ ಬಹಳಮಟ್ಟಿಗೆ ಸೋಸುತ್ತಿತ್ತು, ಇದನ್ನು ಸೋಸೋದು ಹೇಗೆ? ಸಾಲದ್ದಕ್ಕೆ ಗಾಳಿ ನೀಲಿಯನ್ನೇ ಹೆಚ್ಚು ಚದುರಿಸುತ್ತೆ.

ಅದಕ್ಕೇ ನಾನು ಹೇಳೋದು, ಫೋಟೊ ಚೆನ್ನಾಗಿ ಬಂತು ಅಂದ್ರೆ ಆಕಾಶ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಕ್ಯಾಮೆರಾಗೆ ಕಳೆಯೋಕೆ ಬರುತ್ತೆ, ಕಣ್ಣಿಗೆ ಬರೋದಿಲ್ಲ. ನಾವು ಹಾಕುವ ಒಂದೊಂದು ಚೆಂದದ ಫೋಟೊವೂ ಕೆಟ್ಟ ದೀಪಗಳ ಪರವಾಗಿ ಸಾಕ್ಷಿ ಹೇಳಿದ ಹಾಗೆ. ಸಂಪಾದಿಸದ ಒಂದು ಬಿಡಿ ಫೋಟೊವನ್ನೂ, ಆ ಕಿತ್ತಳೆ-ಬೂದು ಹಿನ್ನೆಲೆ ಸಮೇತ, ಪಕ್ಕದಲ್ಲೇ ಹಾಕೋದು ಒಳ್ಳೇದು.

ಪಕ್ಕದ ಮನೆ ಅಂಕಲ್‌ಗೆ ಒಮ್ಮೆ ಕೇಳಿದೆ, "ಅಂಕಲ್, ನಿಮ್ಮ ತಾರಸಿ ದೀಪ ಒಂದು ಗಂಟೆ ಆರಿಸ್ತೀರಾ?"

"ಕಳ್ರು ಬಂದ್ರೆ ಏನಪ್ಪಾ ಮಾಡ್ಲಿ?"

ಕರೆದು ದುರ್ಬೀನಿನಲ್ಲಿ ಎಂ42 ತೋರಿಸಿದೆ. ಬಹಳ ಹೊತ್ತು ನೋಡಿದರು. "ಇಷ್ಟೇನಾ? ಬಣ್ಣಾನೇ ಇಲ್ವಲ್ಲೋ!" ಅಂದರು. ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗೋದಿಲ್ಲ ಅಂತ ವಿವರಿಸಿದೆ. ಆಮೇಲೆ ಲುಬ್ಧಕದ ಕೆಳಗಿನ ಎಂ41 ಗುಚ್ಛ ತೋರಿಸಿದೆ. ಗುಚ್ಛಗಳು ಊರಿನ ಬೆಳಕಿಗೆ ಅಷ್ಟು ಸುಲಭವಾಗಿ ಸೋಲೋದಿಲ್ಲ. ದೊಡ್ಡದು ಮಾಡಿ ನೋಡಿದರೆ ಆಕಾಶದ ಮಬ್ಬು ಹರಡಿ ತೆಳುವಾಗುತ್ತೆ, ನಕ್ಷತ್ರಗಳು ಮಾತ್ರ ಚುಕ್ಕಿಗಳಾಗೇ ಉಳಿಯುತ್ತವೆ. ಅಂಕಲ್‌ಗೆ ಅದು ಹಿಡಿಸಿತು. ಈಗ ಶನಿವಾರ ನಾನು ಕೇಳೋ ಮೊದಲೇ ದೀಪ ಆರಿರುತ್ತೆ. ಮಿಕ್ಕ ಆರು ದಿನ ಕಳ್ಳರ ಭಯ ಮಾಮೂಲು :-)

ದೀಪ ಕಿತ್ತುಹಾಕಿ ಅಂತ ನಾನು ಹೇಳ್ತಿಲ್ಲ. ರಾತ್ರಿ ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಬೀದಿಯಲ್ಲಿ ಬೆಳಕು ಬೇಕೇ ಬೇಕು. ಆದರೆ ಅದು ಬೀಳಬೇಕಾದ್ದು ರಸ್ತೆಯ ಮೇಲೆ. ಮೇಲಕ್ಕೆ ಹೋದ ಬೆಳಕು ಯಾರನ್ನು ಕಾಯುತ್ತೆ? ದೀಪದ ಮೇಲೊಂದು ಟೋಪಿ, ಮುಖ ಕೆಳಕ್ಕೆ, ಅಷ್ಟೆ ಕೆಲಸ. ಲಡಾಖಿನ ಹಾನ್ಲೆಯ ಸುತ್ತಮುತ್ತ 2022ರಲ್ಲಿ ಕತ್ತಲೆ ಆಕಾಶದ ಮೀಸಲು ಪ್ರದೇಶ ಘೋಷಣೆಯಾಯಿತು. ಅಲ್ಲಿನ ಹಳ್ಳಿಯವರು ಕಿಟಕಿಗೆ ಪರದೆ ಎಳೆದು, ದೀಪಕ್ಕೆ ಮರೆ ಕಟ್ಟಿ ಸಹಕರಿಸುತ್ತಾರೆ. ಅಲ್ಲಿರುವ 2 ಮೀಟರಿನ ದೂರದರ್ಶಕವನ್ನು ನಡೆಸೋದು ಎಲ್ಲಿಂದ ಗೊತ್ತೇ? ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ! ಹಾನ್ಲೆಯ ಕತ್ತಲೆ ಬೆಂಗಳೂರಿನವರಿಗೆ ಬೇಕು, ಬೆಂಗಳೂರಿನದು ಯಾರಿಗೂ ಬೇಡ.

ಕೃತ್ತಿಕಾ ಮಳೆ ಅಂತ ಮೇ ತಿಂಗಳಲ್ಲಿ ಹೇಳ್ತೀವಿ. ಆಗ ಸೂರ್ಯ ಅಲ್ಲೇ ಇರೋದರಿಂದ ಕೃತ್ತಿಕೆ ಕಾಣೋದಿಲ್ಲ. ನೋಡೋಕೆ ನವೆಂಬರಿನಿಂದ ಫೆಬ್ರವರಿ ಒಳ್ಳೇ ಕಾಲ. ಷಣ್ಮುಖನನ್ನು ಸಾಕಿದ ತಾಯಂದಿರು ಆರು ಜನ, ನಮ್ಮ ತಾರಸಿಯಲ್ಲಿ ಒಳ್ಳೇ ರಾತ್ರಿ ನನಗೆ ಸಿಗೋದು ನಾಲ್ಕು, ಐದನೆಯದು ಅನುಮಾನ. ಬಸವೇಶ್ವರನಗರದವರೂ ಕೆಂಗೇರಿಯವರೂ ಬರಿಗಣ್ಣಲ್ಲಿ ಎಣಿಸಿ ನೋಡಿ. ಕೆಂಗೇರಿಯಲ್ಲಿ ಆರು ಕಂಡರೆ ನನಗೆ ತಿಳಿಸಿ, ಟ್ರೈಪಾಡ್ ಹೊತ್ತುಕೊಂಡು ಮೆಟ್ರೋ ಹತ್ತುತ್ತೀನಿ.